ಜಿಪ್ಸಿಗೆ ದಪ್ಪ ಟೈ ರಾಡ್: ಬೇಕೆ, ಬೇಡವೆ?

ಮಾರುತಿ ಜಿಪ್ಸಿಯ ತಯಾರಿಕೆ ನಿಂತು ವರ್ಷಗಳಾದವು. ಮಲೆನಾಡು, ಕೊಡಗಿನ ತೋಟದ ದಾರಿಗಳಲ್ಲಿ ಅದರ ಓಡಾಟ ಮಾತ್ರ ನಿಂತಿಲ್ಲ. 1985ರಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿಯ ಮುಂದಿನ ಆಕ್ಸಲ್ ಒಂದೇ ಇಡಿ ತುಂಡು, ಕೂತಿರುವುದು ಪ್ಲೇಟ್ ಸ್ಪ್ರಿಂಗ್ ಮೇಲೆ. ಸ್ಟೀರಿಂಗ್ ಬಾಕ್ಸಿನಿಂದ ಹೊರಟ ಡ್ರಾಗ್ ಲಿಂಕ್ ಒಂದು ಚಕ್ರವನ್ನು ತಿರುಗಿಸುತ್ತದೆ, ಟೈ ರಾಡ್ ಆ ತಿರುವನ್ನು ಇನ್ನೊಂದು ಚಕ್ರಕ್ಕೆ ದಾಟಿಸುತ್ತದೆ. ಗಾಡಿ ಎತ್ತರಿಸಿ ದೊಡ್ಡ ಟೈರ್ ಹಾಕಿಸಿದವರಿಗೆಲ್ಲ ಮುಂದೆ ಎದುರಾಗುವ ಪ್ರಶ್ನೆ ಒಂದೇ: ಕಂಪನಿಯ ಈ ರಾಡ್‌ಗಳನ್ನು ಬಿಚ್ಚಿ ದಪ್ಪನೆಯವನ್ನು ಹಾಕಿಸಬೇಕೆ? ಎರಡೂ ಕಡೆಯ ವಾದ ಇಲ್ಲಿದೆ. ನನ್ನ ಅಭಿಪ್ರಾಯ ಕೊನೆಯಲ್ಲಿ.

ಪರ

ಕಂಪನಿ ಲೆಕ್ಕ ಹಾಕಿದ್ದು ಕಂಪನಿಯ ಟೈರಿಗೆ. ಜಿಪ್ಸಿ ಕಿಂಗ್‌ಗೆ ಬರುತ್ತಿದ್ದದ್ದು 205/70 ಆರ್ 15. ಅದರ ಹೊರವ್ಯಾಸ ಸುಮಾರು 67 ಸೆಂ.ಮೀ. ಆ ಜಾಗಕ್ಕೆ 235/75 ಬಂದರೆ ವ್ಯಾಸ 73 ಸೆಂ.ಮೀ. ದಾಟುತ್ತದೆ. ಟೈರ್ ಅಗಲವಾಯಿತು, ಭಾರವಾಯಿತು. ಕಲ್ಲು ತಗುಲಿದಾಗ ಚಕ್ರದಿಂದ ರಾಡಿಗೆ ಬೀಳುವ ಒದೆತವೂ ಅಷ್ಟೇ ಹೆಚ್ಚಾಯಿತು. ರಾಡ್ ಮಾತ್ರ ಹಳೆಯದೇ.

ಎರಡು ಬಂಡೆಗಳ ನಡುವೆ ಚಕ್ರ ಸಿಕ್ಕಿಕೊಂಡರೆ ಚಾಲಕ ಸ್ಟೀರಿಂಗ್ ಹಿಡಿದು ಎಳೆಯುತ್ತಾನೆ. ಪವರ್ ಸ್ಟೀರಿಂಗ್ ಕೂರಿಸಿದ್ದರೆ ಎಷ್ಟು ಬಲ ಬೀಳುತ್ತಿದೆ ಎಂಬುದು ಕೈಗೆ ತಿಳಿಯುವುದೂ ಇಲ್ಲ. ರಾಡ್ ಎರಡೂ ತುದಿಯಿಂದ ಒತ್ತಿಸಿಕೊಂಡು ನಡುವೆ ಬಾಗುತ್ತದೆ. ಬಾಗಿದ ರಾಡ್ ಎಂದರೆ ಗಿಡ್ಡವಾದ ರಾಡ್. ಒಂದು ಚಕ್ರ ನೇರ ನೋಡಿದರೆ ಇನ್ನೊಂದು ಓರೆ ನೋಡುತ್ತದೆ. ಕೊಡಚಾದ್ರಿಯ ಜೀಪ್ ದಾರಿಯಂಥ ಜಾಗದಲ್ಲಿ, ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಇಳಿಜಾರು ಇರುವಾಗ, ಹೀಗಾಗುವುದನ್ನು ಯಾರೂ ಬಯಸುವುದಿಲ್ಲ.

ಇದಕ್ಕೆ ಪರಿಹಾರ ಲೆಕ್ಕದಲ್ಲೇ ಇದೆ. ಗುಂಡು ರಾಡು ಒತ್ತಡಕ್ಕೆ ಬಾಗದೆ ನಿಲ್ಲುವ ಶಕ್ತಿ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. 20 ಮಿ.ಮೀ. ರಾಡಿನ ಜಾಗಕ್ಕೆ ಅಷ್ಟೇ ಉದ್ದದ 25 ಮಿ.ಮೀ. ರಾಡ್ ಬಂದರೆ ಆ ಶಕ್ತಿ ಸುಮಾರು 2.4 ಪಟ್ಟಾಗುತ್ತದೆ. ಘನ ರಾಡಿನ ಬದಲು ದಪ್ಪ ಗೋಡೆಯ ಪೈಪ್ ಬಳಸಿದರೆ ತೂಕ ಏರಿಸದೆಯೇ ಇದನ್ನು ಸಾಧಿಸಬಹುದು. ಇಂಥ ಪೈಪಿನ ಒಂದು ತುದಿಗೆ ಬಲ ಮರೆ, ಇನ್ನೊಂದಕ್ಕೆ ಎಡ ಮರೆ ಕೊಟ್ಟಿದ್ದರೆ ಲಾಕ್ ನಟ್ ಸಡಿಲಿಸಿ ಪೈಪನ್ನೇ ತಿರುಗಿಸಿ ಅಲೈನ್‌ಮೆಂಟ್ ಸರಿಪಡಿಸಬಹುದು. ಕಾಡಿನ ನಡುವೆ ಇದಕ್ಕೊಂದು ಸ್ಪ್ಯಾನರ್ ಸಾಕು.

ಇನ್ನೂ ಒಂದು ಕಾರಣವಿದೆ. ಗಾಡಿ ಎತ್ತರಿಸಿದಾಗ ಸ್ಟೀರಿಂಗ್ ಬಾಕ್ಸ್ ಚಾಸಿಯ ಜೊತೆ ಮೇಲೇರುತ್ತದೆ, ಆಕ್ಸಲ್ ಅಲ್ಲೇ ಉಳಿಯುತ್ತದೆ, ಡ್ರಾಗ್ ಲಿಂಕ್ ಓರೆಯಾಗುತ್ತದೆ. ಆಮೇಲೆ ಚಕ್ರ ಗುಂಡಿಗೆ ಬಿದ್ದೆದ್ದಾಗಲೆಲ್ಲ ಆ ಓರೆ ಲಿಂಕ್ ಚಕ್ರವನ್ನು ಪಕ್ಕಕ್ಕೆ ನೂಕುತ್ತದೆ. ಚಾಲಕ ಸ್ಟೀರಿಂಗ್ ಅಲುಗಿಸದಿದ್ದರೂ ಗಾಡಿ ತಾನೇ ತಿರುಗುತ್ತದೆ. ಲಿಂಕನ್ನು ಮೇಲಿನಿಂದ ಕೂರಿಸಿ ಓರೆ ಕಡಿಮೆ ಮಾಡುವ ಬದಲಿ ಸೆಟ್ ಹಾಕಿದರೆ ಈ ಕಾಟ ತಗ್ಗುತ್ತದೆ. ಎತ್ತರಿಸಿದ ಗಾಡಿಯನ್ನು ಹಳೆಯ ಲಿಂಕಿನಲ್ಲೇ ಓಡಿಸುವುದು ಅರ್ಧ ಕೆಲಸ ಮಾಡಿ ಬಿಟ್ಟಂತೆ.

ವಿರೋಧ

ರಾಡ್ ಗಟ್ಟಿಯಾದ ಮಾತ್ರಕ್ಕೆ ಕಲ್ಲಿನ ಒದೆತ ಮಾಯವಾಗುವುದಿಲ್ಲ. ಅದು ಮುಂದಿನ ಭಾಗಕ್ಕೆ ಸಾಗುತ್ತದೆ: ಬಾಲ್ ಜಾಯಿಂಟ್, ನಕಲ್, ಪಿಟ್‌ಮನ್ ಆರ್ಮ್, ಸ್ಟೀರಿಂಗ್ ಬಾಕ್ಸಿನ ಶಾಫ್ಟ್, ಕೊನೆಗೆ ಬಾಕ್ಸ್ ಕೂತಿರುವ ಚಾಸಿ. ಬಾಗಿದ ಟೈ ರಾಡನ್ನು ಬಿಚ್ಚಿ, ಬಂಡೆಯ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಊರು ಸೇರುವಷ್ಟು ನೆಟ್ಟಗೆ ಮಾಡಬಹುದು. ಒಡೆದ ಸ್ಟೀರಿಂಗ್ ಬಾಕ್ಸನ್ನು ಕಾಡಿನಲ್ಲಿ ಏನೂ ಮಾಡಲಾಗದು. ಹಳೆಯ ಗಾಡಿಗಳಲ್ಲಿ ಬಾಕ್ಸಿನ ಬೋಲ್ಟ್ ಸುತ್ತ ಚಾಸಿ ತುಕ್ಕು ಹಿಡಿದು ಸೀಳುವುದುಂಟು. ಅಂಥ ಚಾಸಿಗೆ ದಪ್ಪ ರಾಡ್ ಹಾಕುವುದು ಅಪಾಯವನ್ನು ಕಾಣುವ ಜಾಗದಿಂದ ಕಾಣದ ಜಾಗಕ್ಕೆ ಸಾಗಿಸುವ ಕೆಲಸ.

ಸಾಮಾನಿನ ಬಗ್ಗೆ ಹೇಳುವ ಮಾತುಗಳನ್ನೂ ತೂಗಿ ನೋಡಬೇಕು. ಕ್ರೋಮೋಲಿ ಉಕ್ಕು ಎಂದು ಹೆಚ್ಚು ಬೆಲೆ ಕೇಳುತ್ತಾರೆ. ಸಾದಾ ಉಕ್ಕು, ಕ್ರೋಮೋಲಿ ಎರಡರ ಬಿಗಿತವೂ ಹೆಚ್ಚುಕಡಿಮೆ ಒಂದೇ. ಅಷ್ಟೇ ಉದ್ದ, ಅಷ್ಟೇ ವ್ಯಾಸವಿದ್ದರೆ ಉದ್ದನೆಯ ತೆಳು ರಾಡು ಎರಡರಲ್ಲೂ ಸರಿಸುಮಾರು ಒಂದೇ ಹೊರೆಗೆ ಬಾಗತೊಡಗುತ್ತದೆ. ಕ್ರೋಮೋಲಿಯ ಲಾಭವೆಂದರೆ ಅದು ಬಾಗಿದ ಮೇಲೂ ಹೆಚ್ಚು ದೂರದಿಂದ ಮರಳಿ ನೆಟ್ಟಗಾಗುತ್ತದೆ. ‘ಝಡ್’ ಆಕಾರಕ್ಕೆ ಬಗ್ಗಿಸಿದ ಡ್ರಾಗ್ ಲಿಂಕ್‌ಗಳ ಕತೆಯೂ ಹೀಗೆಯೇ. ಲಿಂಕ್ ಎಷ್ಟೇ ಬಳುಕಲಿ, ಲೆಕ್ಕಕ್ಕೆ ಬರುವುದು ಅದರ ಎರಡು ತುದಿಯ ಬಾಲ್‌ಗಳ ನಡುವಿನ ನೇರ ಗೆರೆ. ಬಗ್ಗಿಸಿದ್ದರಿಂದ ಸ್ಪ್ರಿಂಗಿಗೆ ತಾಗುವುದು ತಪ್ಪಬಹುದು, ಓರೆ ತಪ್ಪುವುದಿಲ್ಲ. ಮೊದಲೇ ಬಾಗಿದ ರಾಡು ಒತ್ತಡಕ್ಕೆ ನೇರ ರಾಡಿಗಿಂತ ಬೇಗ ಸೋಲುತ್ತದೆ ಕೂಡ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ, ಕೆಲವು ಬದಲಿ ಸೆಟ್‌ಗಳ ತುದಿಯಲ್ಲಿ ಬಾಲ್ ಜಾಯಿಂಟ್ ಬದಲು ಬರುವ ರೋಸ್ ಜಾಯಿಂಟ್ ಬಗ್ಗೆ. ರೇಸ್ ಗಾಡಿಗಳಲ್ಲಿ ಅದು ಒಳ್ಳೆಯ ಜಾಯಿಂಟ್, ನಿಜ. ಆದರೆ ಅದರ ಗುಂಡು ಬಯಲಲ್ಲೇ ಇರುತ್ತದೆ. ಕಂಪನಿಯ ಬಾಲ್ ಜಾಯಿಂಟ್‌ನಲ್ಲಿ ರಬ್ಬರ್ ಬೂಟಿನೊಳಗೆ ಗ್ರೀಸ್ ಇರುತ್ತದೆ. ಬೂಟ್ ಹರಿಯದಿರುವ ತನಕ ಕೆಸರು ಒಳಗೆ ಹೋಗದು. ಮೂಡಿಗೆರೆ, ಸಕಲೇಶಪುರದ ಮಳೆಗಾಲದ ಕೆಂಪು ಕೆಸರು ಎಂದರೆ ಸಣ್ಣ ಮರಳು ಬೆರೆತ ನೀರು. ಅದು ಬಯಲಿನ ಗುಂಡನ್ನು ಉಜ್ಜಿ ಉಜ್ಜಿ ಸವೆಸುತ್ತದೆ, ಪ್ಲೇ ಬರುತ್ತದೆ, ಸ್ಟೀರಿಂಗ್ ಅಲುಗತೊಡಗುತ್ತದೆ. ವಾರಕ್ಕೊಮ್ಮೆ ಟ್ರೇಲರ್ ಮೇಲೆ ಸಾಗಿಸಿ ಓಡಿಸುವ ಗಾಡಿಯ ಮಾಲೀಕ ಅದನ್ನು ಬದಲಿಸುತ್ತಾ ಹೋಗಬಹುದು. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಗೆ ಅದು ಸಲ್ಲದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ದಪ್ಪ ರಾಡಿನ ಬೇಡಿಕೆ ಹುಟ್ಟುವುದೇ ಎತ್ತರಿಸಿದ ಗಾಡಿ, ದೊಡ್ಡ ಟೈರಿನಿಂದ. ಆ ಮೊದಲ ಹೆಜ್ಜೆಯನ್ನೇ ಪ್ರಶ್ನಿಸಬೇಕಲ್ಲವೆ?

ನನ್ನ ಅಭಿಪ್ರಾಯ

ಕಂಪನಿ ಟೈರಿನ ಗಾಡಿಗೆ ದಪ್ಪ ರಾಡ್ ಬೇಡ. ಆ ಹಣದಲ್ಲಿ ನಾಲ್ಕೂ ಬಾಲ್ ಜಾಯಿಂಟ್ ಹೊಸದು ಹಾಕಿಸಿದರೆ ಸ್ಟೀರಿಂಗ್ ಎಷ್ಟೋ ಬಿಗಿಯಾಗುತ್ತದೆ. ದೊಡ್ಡ ಟೈರ್ ಹಾಕಿ ಕಲ್ಲು ದಾರಿಯಲ್ಲೇ ಓಡುವ ಗಾಡಿಗೆ ಬೇಕು, ಆದರೆ ನೇರವಾದ ದಪ್ಪ ಪೈಪ್, ಬೂಟಿರುವ ಬಾಲ್ ಜಾಯಿಂಟ್ ಇರುವ ಸೆಟ್ ಮಾತ್ರ. ನಡುವೆ ಕತ್ತರಿಸಿ ವೆಲ್ಡ್ ಮಾಡಿದ ರಾಡನ್ನು ಯಾರು ಎಷ್ಟೇ ಭರವಸೆ ಕೊಟ್ಟರೂ ಒಪ್ಪಬೇಡಿ. ಬಾಗುವ ರಾಡ್ ಎಚ್ಚರಿಕೆ ಕೊಡುತ್ತದೆ, ಬಿಟ್ಟುಹೋಗುವ ವೆಲ್ಡ್ ಕೊಡುವುದಿಲ್ಲ.

ಯಾವುದನ್ನು ಕೊಳ್ಳುವ ಮೊದಲೂ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಆಚೀಚೆ ಆಡಿಸಲಿ. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದು ಜಾಯಿಂಟ್ ಮೇಲೂ ಕೈಯಿಡಲಿ. ಸವೆದ ಜಾಯಿಂಟ್ ಅಂಗೈಗೆ ‘ಟಕ್’ ಎಂದು ಹೊಡೆಯುತ್ತದೆ. ಆಮೇಲೆ ಕೈಯನ್ನು ಸ್ಟೀರಿಂಗ್ ಬಾಕ್ಸಿನ ಮೇಲಿಡಲಿ. ಬಾಕ್ಸೇ ಅಲುಗುತ್ತಿದ್ದರೆ ರಾಡಿನ ಮಾತು ಬದಿಗಿಟ್ಟು ಮೊದಲು ಚಾಸಿ ರಿಪೇರಿ ಮಾಡಿಸಿ.