ಜೇಬಿನ ಕತ್ತರಿ ಹೋಯ್ತು, ಕಿವಿಗೆ ಗಾಳ ಬಂತು

ನೋಟು ಭದ್ರವೋ, ಕಾರ್ಡು ಭದ್ರವೋ, ಕೈಯಲ್ಲಿರೋ ಮೊಬೈಲು ಭದ್ರವೋ? ದಾವಣಗೆರೆ ಮಂಡಿಪೇಟೆಯ ಅಂಗಡಿ ಕಟ್ಟೆಯಿಂದ ಹಿಡಿದು ಹರಿಹರದ ಬಸ್ಸಿನ ಹಿಂದಿನ ಸೀಟಿನವರೆಗೆ ಈ ತರ್ಕ ಮುಗಿಯುವಂತೆ ಕಾಣುವುದಿಲ್ಲ. "ಜೇಬಲ್ಲಿ ನೋಟೇ ಇಲ್ಲ ಅಂದ್ಮೇಲೆ ಕಳ್ಳ ಏನು ಕಿತ್ಕೋತಾನೆ?" ಅನ್ನುವವರು ಒಂದು ಕಡೆ. "ಜೇಬುಗಳ್ಳ ಕಿತ್ರೆ ಇನ್ನೂರು ಹೋಗ್ತಿತ್ತು, ಈಗ ಪಾಸ್‌ಬುಕ್ಕೇ ಬೋಳಾಗುತ್ತೆ ಕಣ್ರೀ" ಅನ್ನುವವರು ಇನ್ನೊಂದು ಕಡೆ. ತಮಾಷೆ ಎಂದರೆ ಇಬ್ಬರು ಹೇಳುವುದೂ ನಿಜವೇ.

ಮೂರರಲ್ಲಿ ಯಾವುದರಲ್ಲಿದ್ದರೂ ದುಡ್ಡು ಹೋಗಬಹುದು. ಹೋದರೆ ಎಷ್ಟು ಹೋಗುತ್ತದೆ? ಹೋದದ್ದು ಯಾರ ತಲೆಗೆ ಬೀಳುತ್ತದೆ? ಈ ಎರಡು ಪ್ರಶ್ನೆ ಕೇಳಿಕೊಂಡರೆ ತರ್ಕ ಅರ್ಧ ಮುಗಿದಂತೆ.

ನೋಟಿನ ಕಥೆ

ಮೊದಲು ನೋಟನ್ನೇ ನೋಡೋಣ. ಜೇಬಲ್ಲಿ ಐನೂರು ಇದ್ದರೆ ಹೋಗುವುದು ಐನೂರು. ಕಳ್ಳ ಎಷ್ಟೇ ಜಾಣನಾದರೂ ಮನೆಯ ಬೀರುವಿನಲ್ಲಿರುವುದು ಅವನ ಕೈಗೆ ಎಟುಕದು. ಆದರೆ ಹೋದ ನೋಟು ಹೋದಂತೆಯೇ. ಪೊಲೀಸರು ದೂರು ಬರೆದುಕೊಳ್ಳಬಹುದು, ನೋಟು ವಾಪಸ್ ಬಂತು ಅನ್ನುವ ಪುಣ್ಯವಂತರು ಅಪರೂಪ.

ಅಂಗಡಿಯವರಿಗೆ ಇನ್ನೊಂದು ಕಾಟವಿದೆ: ಖೋಟಾ ನೋಟು. ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ ಪ್ರಕಾರ 2024-25ರಲ್ಲಿ ಬ್ಯಾಂಕುಗಳ ಕೈಗೆ ಸಿಕ್ಕ ಖೋಟಾ ನೋಟು ಸುಮಾರು 2.17 ಲಕ್ಷ. ಅದರಲ್ಲಿ 1.17 ಲಕ್ಷಕ್ಕೂ ಹೆಚ್ಚು ಐನೂರರ ನೋಟುಗಳೇ. ಗೊತ್ತಿಲ್ಲದೆ ತೆಗೆದುಕೊಂಡು ಬ್ಯಾಂಕಿಗೆ ಕಟ್ಟಲು ಹೋದರೆ ಕೌಂಟರಿನಲ್ಲೇ ಠಸ್ಸೆ ಹೊಡೆದು ಇಟ್ಟುಕೊಳ್ಳುತ್ತಾರೆ. ಬದಲಿಗೆ ಒಂದು ಪೈಸೆಯೂ ಇಲ್ಲ. ಒಂದೇ ಸಲಕ್ಕೆ ಐದು ಅಥವಾ ಹೆಚ್ಚು ಸಿಕ್ಕರೆ ಪೊಲೀಸ್ ಠಾಣೆಗೆ ದೂರು ಬೇರೆ. ಸಂಜೆಯ ಗಿರಾಕಿ ಗದ್ದಲದಲ್ಲಿ ನೋಟನ್ನು ಬೆಳಕಿಗೆ ಹಿಡಿದು ನೋಡಲು ಯಾರಿಗೆ ಪುರುಸೊತ್ತು?

ನೋಟಿನ ಲೆಕ್ಕ ಇಷ್ಟು: ನಷ್ಟಕ್ಕೆ ಮಿತಿ ಇದೆ, ಪರಿಹಾರ ಇಲ್ಲ.

ಕಾರ್ಡಿನ ಕಥೆ

ಕಾರ್ಡಿಗೆ ಒಂದು ಕಾಲದಲ್ಲಿ ಬಹಳ ಕೆಟ್ಟ ಹೆಸರಿತ್ತು. ಬೆನ್ನಿನ ಮೇಲಿನ ಕಪ್ಪು ಪಟ್ಟಿಯನ್ನು ನಕಲು ಹೊಡೆದು ಬೇರೆ ಊರಿನ ಎಟಿಎಂನಲ್ಲಿ ದುಡ್ಡು ಎತ್ತುತ್ತಿದ್ದರು. ಹಳೇ ಕಾರ್ಡುಗಳಿಗೆ ಬದಲು 2018ರ ಕೊನೆಯೊಳಗೆ ಚಿಪ್ ಇರುವ ಕಾರ್ಡು ಕೊಡಿ ಎಂದು ರಿಸರ್ವ್ ಬ್ಯಾಂಕ್ ಆಜ್ಞೆ ಮಾಡಿತು. 2020ರ ಅಕ್ಟೋಬರ್‌ನಿಂದ ಕೊಟ್ಟ ಹೊಸ ಕಾರ್ಡುಗಳು ಮೊದಲಿಗೆ ಎಟಿಎಂನಲ್ಲಿ ಮತ್ತು ಅಂಗಡಿಯ ಯಂತ್ರದಲ್ಲಿ ಮಾತ್ರ ನಡೆಯುತ್ತವೆ. ಆನ್‌ಲೈನ್ ವ್ಯವಹಾರ ಬೇಕೆಂದರೆ ಗಿರಾಕಿಯೇ ಸ್ವಿಚ್ ಹಾಕಿಸಿಕೊಳ್ಳಬೇಕು, ಬೇಡವೆಂದರೆ ಆರಿಸಬಹುದು. ಕಾರ್ಡಿರುವವರಲ್ಲಿ ಎಷ್ಟು ಜನ ಆ ಸ್ವಿಚ್ಚನ್ನು ಮುಟ್ಟಿ ನೋಡಿದ್ದಾರೆ ಎಂಬುದು ಬೇರೆ ಮಾತು.

ಯಂತ್ರಕ್ಕೆ ಸುಮ್ಮನೆ ತಾಗಿಸಿದರೆ ದುಡ್ಡು ಕಟ್ಟಾಗುವ ಕಾರ್ಡುಗಳಿಗೆ 2021ರ ಜನವರಿಯಿಂದ ಒಂದು ಸಲಕ್ಕೆ 5,000 ರೂಪಾಯಿವರೆಗೆ ಪಿನ್ ಬೇಕಿಲ್ಲ. ಅಂಥ ಕಾರ್ಡು ಕಳೆದರೆ ತಡಮಾಡದೆ ಬ್ಯಾಂಕಿಗೆ ಹೇಳಿ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಹೋದ ದುಡ್ಡಿಗೆ ಗಿರಾಕಿ ಹೊಣೆಯಲ್ಲ.

ಮೊಬೈಲಿನ ಬೀಗ

ಇನ್ನು ಮೊಬೈಲು. ಯುಪಿಐ ಹುಟ್ಟಿದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ಸತ್ತವು. ಎಟಿಎಂ ಮುಂದೆ ಸಾಲು ನಿಂತು ಸುಸ್ತಾದ ಜನ ಮೆಲ್ಲಗೆ ಮೊಬೈಲಿನ ಕಡೆ ತಿರುಗಿದರು. ಇವತ್ತು ಮಂಡಕ್ಕಿ ಮೆಣಸಿನಕಾಯಿ ಗಾಡಿಯಲ್ಲೂ "ಸ್ಕ್ಯಾನರ್ ಎಲ್ಲೈತಣ್ಣಾ?" ಎಂಬ ಪ್ರಶ್ನೆ. 2024ರ ಕೊನೆಯ ಹೊತ್ತಿಗೆ ಕೆಎಸ್‌ಆರ್‌ಟಿಸಿ ಕಂಡಕ್ಟರರ ಟಿಕೆಟ್ ಯಂತ್ರವೂ ಚೌಕದ ಚಿತ್ರ ತೋರಿಸತೊಡಗಿತು. ಚಿಲ್ಲರೆ ಜಗಳ ಕಡಿಮೆಯಾಯಿತು.

ಬೀಗದ ಮಟ್ಟಿಗೆ ಹೇಳುವುದಾದರೆ ಮೊಬೈಲಿನದೇ ಗಟ್ಟಿ. ಫೋನಿನ ಪರದೆಗೊಂದು ಬೀಗ. ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿದ್ದು ನೋಂದಣಿಯಾಗಬೇಕು, ಅದು ಎರಡನೇ ಬೀಗ. ನಾಲ್ಕೋ ಆರೋ ಅಂಕಿಯ ಪಿನ್ ಮೂರನೆಯದು. ಕಂಡವರ ಕೈಗೆ ಫೋನು ಸಿಕ್ಕ ಮಾತ್ರಕ್ಕೆ ದುಡ್ಡು ಸಿಗುವುದಿಲ್ಲ. ಅಂಗಡಿಯವನಿಗೆ ಖಾತೆ ನಂಬರೂ ತಿಳಿಯುವುದಿಲ್ಲ.

ಲೆಕ್ಕವೂ ಅದನ್ನೇ ಹೇಳುತ್ತದೆ. ಹಣಕಾಸು ಸಚಿವಾಲಯ ಸಂಸತ್ತಿನ ಮುಂದಿಟ್ಟ ಅಂಕಿ ಪ್ರಕಾರ 2023-24ರಲ್ಲಿ ಯುಪಿಐ ಮೋಸದ ಪ್ರಕರಣ 13.42 ಲಕ್ಷ, ಹೋದ ದುಡ್ಡು 1,087 ಕೋಟಿ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ವರ್ಷ ನಡೆದ ಒಟ್ಟು ವ್ಯವಹಾರ 13 ಸಾವಿರ ಕೋಟಿ ಸಲಕ್ಕೂ ಮಿಕ್ಕಿತ್ತು. ಅಂದರೆ ಹೆಚ್ಚೂ ಕಡಿಮೆ ಲಕ್ಷ ಸಲಕ್ಕೊಂದು ಮೋಸ. ಅಷ್ಟೇನಾ ಅನ್ನಬೇಡಿ. ಮೋಸ ಹೋದವರಿಗೆ ಸರಾಸರಿ ಎಂಟು ಸಾವಿರ ರೂಪಾಯಿ ಕೈಬಿಟ್ಟಿದೆ. ದಿನದ ವ್ಯಾಪಾರ ನಂಬಿದವನಿಗೆ ಅದು ಸಣ್ಣ ಮೊತ್ತವಲ್ಲ.

ಕೀಲಿ ಕೊಡುವವರು ಯಾರು?

ಬೀಗ ಇಷ್ಟು ಗಟ್ಟಿಯಿದ್ದರೆ ದುಡ್ಡು ಹೋಗುವುದು ಹೇಗೆ? ಕಳ್ಳ ಬೀಗದ ತಂಟೆಗೇ ಹೋಗುವುದಿಲ್ಲ. ಮನೆಯೊಡೆಯನ ಹತ್ತಿರವೇ ಬಾಗಿಲು ತೆಗೆಸುತ್ತಾನೆ. ಮೊದಲು ಬಸ್ ಸ್ಟ್ಯಾಂಡಿನಲ್ಲಿ ಬ್ಲೇಡು ಹಿಡಿದು ನಿಲ್ಲುತ್ತಿದ್ದವನು ಈಗ ಎಲ್ಲೋ ಕೂತು ಫೋನು ಮಾಡುತ್ತಾನೆ. "ಸಾರ್, ಬ್ಯಾಂಕಿನಿಂದ ಮಾತಾಡ್ತಿರೋದು, ನಿಮ್ಮ ಖಾತೆ ಇವತ್ತೇ ಬಂದ್ ಆಗುತ್ತೆ" ಅಂದರೆ ಎಂಥವರಿಗೂ ಗಾಬರಿ. ಗಾಬರಿಯಲ್ಲಿ ಬೆರಳು ತಾನಾಗಿ ಒತ್ತುತ್ತದೆ.

"ನಿಮಗೆ ದುಡ್ಡು ಬರೋದಿದೆ, ಪಿನ್ ಒತ್ತಿ" ಎಂಬುದು ಹಳೇ ಆಟ. ದುಡ್ಡು ಪಡೆಯಲು ಪಿನ್ ಬೇಕೇ ಇಲ್ಲ. ಪಿನ್ ಒತ್ತಿದರೆ ದುಡ್ಡು ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಈ ಆಟಕ್ಕೆ ಸಾಧನವಾಗಿದ್ದ, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಒಂದು ಬಾಗಿಲು ಮುಚ್ಚಿತು ಎನ್ನಿ. ಕಳ್ಳರು ಕಿಟಕಿ ಹುಡುಕಿಕೊಂಡಿದ್ದಾರೆ. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಅಂತಲೋ, ಗಾಡಿಗೆ ದಂಡ ಬಿದ್ದಿದೆ ಅಂತಲೋ ಒಂದು ಕಡತ ಬರುತ್ತದೆ. ಯಾರ ಮದುವೆಯಪ್ಪಾ ಅಂತ ಒತ್ತಿದರೆ ಕಳ್ಳ ಆಪ್ ಫೋನಿನೊಳಗೆ ಕೂತು ಬ್ಯಾಂಕಿನ ಮೆಸೇಜುಗಳನ್ನೆಲ್ಲ ಓದತೊಡಗುತ್ತದೆ.

ಬಸ್ಸಿನಲ್ಲಿ ಓಡಾಡುವವರು ಇನ್ನೊಂದು ಸಂಗತಿ ಗಮನಿಸಬೇಕು. ಫೋನಿನ ಹಿಂದಿನ ಕವರಿನಲ್ಲಿ ಎಟಿಎಂ ಕಾರ್ಡು ಸಿಕ್ಕಿಸಿಕೊಂಡು ಓಡಾಡುವ ಚಾಳಿ ಬಹಳ ಜನರಿಗಿದೆ. ಯುಪಿಐಗೆ ಹೊಸ ಪಿನ್ ಹಾಕಲು ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಸಿಮ್‌ಗೆ ಬರುವ ಓಟಿಪಿ ಬೇಕು. ಕೆಲವು ಬ್ಯಾಂಕುಗಳು ಮಾತ್ರ ಎಟಿಎಂ ಪಿನ್ ಕೂಡ ಕೇಳುತ್ತವೆ. ಸಿಮ್ಮೂ ಕಾರ್ಡೂ ಒಂದೇ ಕವರಿನಲ್ಲಿ ಕಳ್ಳನಿಗೆ ಸಿಕ್ಕರೆ, ಸಿಮ್ ಬೇರೆ ಫೋನಿಗೆ ಹಾಕಿ ಹೊಸ ಪಿನ್ ಮಾಡಿಕೊಳ್ಳಲು ದಾರಿ ಮಾಡಿಕೊಟ್ಟಂತೆ. ಬೀಗದ ಜೊತೆ ಕೀಲಿಯನ್ನೂ ಕಟ್ಟಿ ಕೊಡುವುದೆಂದರೆ ಇದೇ.

ನಷ್ಟ ಯಾರ ತಲೆಗೆ?

ಇಲ್ಲೇ ಇರುವುದು ಅಸಲು ಗಂಟು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಕಾರ್ಡಿರಲಿ, ಮೊಬೈಲಿರಲಿ, ಬ್ಯಾಂಕಿನ ತಪ್ಪಿನಿಂದ ದುಡ್ಡು ಹೋದರೆ ಗಿರಾಕಿಗೆ ನಷ್ಟವಿಲ್ಲ. ಬ್ಯಾಂಕಿನದೂ ಅಲ್ಲ, ಗಿರಾಕಿಯದೂ ಅಲ್ಲ, ಮೂರನೆಯವರ ಕೈವಾಡ ಎಂದಾದರೆ, ಬ್ಯಾಂಕಿನ ಮೆಸೇಜು ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೂ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ನಷ್ಟದಲ್ಲಿ ಒಂದು ಪಾಲು, ಮಾಮೂಲಿ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ, ಗಿರಾಕಿಯದು. ಅದಕ್ಕೂ ತಡವಾದರೆ ಬ್ಯಾಂಕಿನ ಮರ್ಜಿ. ದೂರು ಕೊಟ್ಟ ಹತ್ತು ಕೆಲಸದ ದಿನದೊಳಗೆ ದುಡ್ಡನ್ನು ತಾತ್ಕಾಲಿಕವಾಗಿ ಖಾತೆಗೆ ತುಂಬಬೇಕು, ತೊಂಬತ್ತು ದಿನದೊಳಗೆ ತೀರ್ಮಾನ ಮಾಡಬೇಕು ಎಂದೂ ಹೇಳಿತು.

ಓದಿದರೆ ಸಮಾಧಾನವಾಗುತ್ತದೆ. ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತಿದೆ: ಗಿರಾಕಿ ತಾನೇ ಗುಟ್ಟಿನ ಅಂಕಿ ಬಿಟ್ಟುಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟವೆಲ್ಲ ಅವನದೇ. ಮೊಬೈಲಿನಲ್ಲಿ ಆಗುವ ಮೋಸ ಬಹುಪಾಲು ಇದೇ ಜಾತಿಯದು. ಬೇರೆಯವರು ಕದ್ದದ್ದೆಂದು ಗಿರಾಕಿ ಹೇಳುತ್ತಾನೆ, ನೀನೇ ಪಿನ್ ಒತ್ತಿದ್ದೀಯಲ್ಲಪ್ಪಾ ಎಂದು ಬ್ಯಾಂಕು ಹೇಳುತ್ತದೆ. ಕಾನೂನಿನ ಕಣ್ಣಿಗೆ ಅದು ಕಳವಿಗಿಂತ ಕೊಟ್ಟ ದುಡ್ಡಿನಂತೆಯೇ ಕಾಣುತ್ತದೆ. ಬೀಗ ಎಷ್ಟು ಗಟ್ಟಿಯೋ, ಒಮ್ಮೆ ತೆರೆದರೆ "ನಾನು ತೆರೆಯಲಿಲ್ಲ" ಎಂದು ಸಾಧಿಸುವುದೂ ಅಷ್ಟೇ ಕಷ್ಟ. ಹೋಗುವುದು ಜೇಬಿನ ಐನೂರಲ್ಲ, ಫೋನಿಗೆ ಜೋಡಿಸಿದ ಖಾತೆಯಲ್ಲಿ ಏನಿದೆಯೋ ಅದು.

ಗಲ್ಲಾದವರ ಗೋಳು

ಅಂಗಡಿಯವರಿಗೆ ಇದಲ್ಲದೆ ಮೂರು ತಾಪತ್ರಯ. ಗಿರಾಕಿ ಪರದೆ ತೋರಿಸಿ "ಆಯ್ತು ಸಾವ್ಕಾರ್ರೇ" ಅಂತ ಹೊರಟುಬಿಡುತ್ತಾನೆ. ಆ ಪರದೆಯೇ ನಕಲಿಯಾಗಿರಬಹುದು. ಮಾತಾಡುವ ಡಬ್ಬಿ ಕೂಗುವವರೆಗೆ, ಇಲ್ಲವೇ ತಮ್ಮ ಖಾತೆಯಲ್ಲಿ ಜಮಾ ಕಾಣುವವರೆಗೆ ಸಾಮಾನು ಕೈಬಿಡಬಾರದು. ಎರಡನೆಯದು ಅಂಟಿಸಿದ ಚೌಕದ ಚಿತ್ರದ ಮೇಲೆ ಇನ್ನೊಬ್ಬರ ಚಿತ್ರ ಅಂಟುವುದು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ ಚಿತ್ರ ಬದಲಾಯಿಸಿ ದುಡ್ಡು ಹೊಡೆದರು. ಬೆಳಗ್ಗೆ ಬಾಗಿಲು ತೆಗೆದು ದೇವರ ಪಟಕ್ಕೆ ಊದುಬತ್ತಿ ಹಚ್ಚುವಾಗ ಆ ಚಿತ್ರವನ್ನೂ ಒಮ್ಮೆ ಉಗುರಿನಿಂದ ಕೆರೆದು ನೋಡುವುದು ಕ್ಷೇಮ. ಗಿರಾಕಿಯೂ ಸ್ಕ್ಯಾನ್ ಮಾಡಿದಾಗ ಬರುವ ಹೆಸರು ಓದಬೇಕು.

ಮೂರನೆಯದು ಇನ್ನೂ ಕಷ್ಟದ್ದು. ಕಳ್ಳದುಡ್ಡಿನ ಸರಪಳಿಯಲ್ಲಿ ಯಾವನೋ ಬಂದು ನೂರಿನ್ನೂರು ರೂಪಾಯಿ ವ್ಯಾಪಾರ ಮಾಡಿ ಹೋದರೂ ಪೊಲೀಸರ ಸೂಚನೆ ಮೇರೆಗೆ ಅಂಗಡಿಯವನ ಖಾತೆ ಸ್ತಂಭನವಾಗಬಹುದು. 2023ರಲ್ಲಿ ಕೇರಳದ ಎಷ್ಟೋ ಸಣ್ಣ ವ್ಯಾಪಾರಿಗಳಿಗೆ ಹೀಗೇ ಆಯಿತು. ಕಳ್ಳ ಯಾರೋ, ಬೀಗ ಬಿದ್ದದ್ದು ಯಾರದೋ ಗಲ್ಲಾಕ್ಕೆ.

ತೆರಿಗೆಯ ಸಂಗತಿ ಎಲ್ಲರಿಗೂ ನೆನಪಿರಬೇಕು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ತೆರಿಗೆಯೇ ಇಲ್ಲದ ತರಕಾರಿ ಮಾರುವ ಹಾವೇರಿಯ ವ್ಯಾಪಾರಿಗೆ 29 ಲಕ್ಷ ಕಟ್ಟೆಂದು ನೋಟೀಸು ಬಂತು. ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿ ಅಂಟಿದವು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ಸಮಾಧಾನ ಮಾಡಬೇಕಾಯಿತು. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕೆಂಬ ನಿಯಮ ನಗದಿಗೂ ಉಂಟು, ಮೊಬೈಲಿಗೂ ಉಂಟು. ಮೊಬೈಲು ಲೆಕ್ಕ ಮರೆಯುವುದಿಲ್ಲ, ಅಷ್ಟೇ. ಯಾವುದು ವ್ಯಾಪಾರ, ಯಾವುದು ಭಾವಮೈದ ತೀರಿಸಿದ ಸಾಲ ಎಂದು ಅದಕ್ಕೆ ಗೊತ್ತಾಗುವುದೂ ಇಲ್ಲ. ಅದನ್ನು ಬರೆದಿಡುವ ಕೆಲಸ ಅಂಗಡಿಯವನದೇ.

ಹಾಗಾದರೆ ಮಾಡುವುದೇನು?

ಮೊಬೈಲು ಬಿಸಾಕಿ ಎಂದು ಯಾರೂ ಹೇಳುವುದಿಲ್ಲ. ನೋಟಿನಲ್ಲಿರುವ ಒಂದು ಒಳ್ಳೇ ಗುಣವನ್ನು ಮೊಬೈಲಿಗೂ ತಂದುಕೊಳ್ಳಬೇಕು. ಅದು ನಷ್ಟದ ಮಿತಿ. ಸಂತೆಗೆ ಹೋಗುವವರು ಮನೆಯ ದುಡ್ಡನ್ನೆಲ್ಲ ಜೇಬಿಗೆ ತುಂಬಿಕೊಂಡು ಹೋಗುತ್ತಾರೆಯೇ? ಹಾಗೆಯೇ ಫೋನಿಗೆ ಜೋಡಿಸುವುದಕ್ಕೆ ಬೇರೊಂದು ಖಾತೆ ಇರಲಿ, ಅದರಲ್ಲಿ ವಾರದ ಖರ್ಚಿನಷ್ಟೇ ಇರಲಿ. ಮಗಳ ಮದುವೆ ದುಡ್ಡು, ಅಂಗಡಿ ಮಾಲಿನ ದುಡ್ಡು ಇರುವ ಖಾತೆಯನ್ನು ಫೋನಿನಿಂದ ದೂರ ಇಡಿ. ಚಹಾ, ಬಸ್ ಚಾರ್ಜಿಗೆ ಯುಪಿಐ ಲೈಟ್ ಇದೆ. ಅದರಲ್ಲಿ ಹಿಡಿಯುವುದು ಹೆಚ್ಚೆಂದರೆ 5,000, ಒಂದು ಸಲಕ್ಕೆ 1,000. ಅದಕ್ಕೆ ಪಿನ್ ಇಲ್ಲ, ಆದ್ದರಿಂದ ಅದನ್ನು ಜೇಬಿನ ನೋಟಿನಂತೆಯೇ ಕಾಯಬೇಕು. ಎಟಿಎಂ ಕಾರ್ಡು ಮನೆಯಲ್ಲಿರಲಿ.

ಬಸ್ಸಿನಲ್ಲಿ ದುಡ್ಡು ಕಟ್ಟಾಗಿ ಟಿಕೆಟ್ ಬರದಿದ್ದರೆ ಕಂಡಕ್ಟರ್ ಜೊತೆ ಜಗಳ ಬೇಡ. 2019ರ ರಿಸರ್ವ್ ಬ್ಯಾಂಕ್ ನಿಯಮದಂತೆ ಅಂಥ ದುಡ್ಡು ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ.

ಮೋಸವಾದರೆ ಮರ್ಯಾದೆ ಹೋಗುತ್ತೆ ಅಂತ ಕೂರಬಾರದು. ಮೊದಲ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಬೇಕು. ಕದ್ದ ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಯಲು ಇರುವ ನಂಬರು ಅದು. ಆಮೇಲೆ ಬ್ಯಾಂಕಿಗೆ ಬರಹದಲ್ಲಿ ದೂರು, ಅದಕ್ಕೆ ರಶೀದಿ. ಮೂವತ್ತು ದಿನದಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಅಲ್ಲಿಗೆ ಶುಲ್ಕವಿಲ್ಲ.

ಇಷ್ಟನ್ನೂ ಗಿರಾಕಿಯ ತಲೆಗೇ ಕಟ್ಟಿ ಬ್ಯಾಂಕಿನವರು ಕೈತೊಳೆದುಕೊಳ್ಳುವುದು ಸರಿಯಲ್ಲ. ಖಾತೆ ತೆರೆಸುವಾಗ, ಅಂಗಡಿಗೆ ಡಬ್ಬಿ ಕೊಡುವಾಗ ಇರುವ ಉತ್ಸಾಹ ದೂರು ತೆಗೆದುಕೊಳ್ಳುವಾಗಲೂ ಇರಬೇಕು. ಯಾವ ನಷ್ಟ ಯಾರದು, ಎಷ್ಟು ದಿನದೊಳಗೆ ಹೇಳಬೇಕು ಎಂಬುದನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಪ್ರತಿ ಶಾಖೆಯ ಕೌಂಟರಿನ ಮೇಲೆ ತೂಗುಹಾಕಲು ಎಷ್ಟು ಖರ್ಚಾದೀತು? ಜಿಲ್ಲೆಯ ಬಸ್ ಸ್ಟ್ಯಾಂಡುಗಳಲ್ಲಿ "ಜೇಬುಗಳ್ಳರಿದ್ದಾರೆ, ಎಚ್ಚರಿಕೆ" ಎಂಬ ಹಲಗೆಯ ಪಕ್ಕದಲ್ಲೇ 1930 ಎಂದು ಬರೆಸಲು ಪೊಲೀಸರಿಗೆ ಒಂದು ಡಬ್ಬಿ ಬಣ್ಣ ಸಾಕು. ಅದನ್ನಾದರೂ ಬೇಗ ಮಾಡಿಸಲಿ.