ಮಗಳ ಪಾಲು ಮತ್ತು ಮೂರನೆಯ ಸಾಕ್ಷಿ

"ಮದುವೆಗೆ ಬಂಗಾರ ಕೊಟ್ಟಾಯಿತಲ್ಲ, ಇನ್ನೆಂಥ ಪಾಲು?" ಎಂದು, ತಂದೆಯ ಸಮಾಧಿಯ ಮಣ್ಣು ಆರುವ ಮುನ್ನವೇ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವುದನ್ನು ಕೂಡ್ಲಿಗಿ, ಹಡಗಲಿ ಕಡೆಯ ನಮ್ಮವರಲ್ಲಿಯೂ ಕಂಡಿದ್ದೇವೆ.

1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ, ಮೃತ್ಯುಪತ್ರವಿಲ್ಲದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮೂರನೆಯ ಒಂದು ಭಾಗ ಪತ್ನಿಗೆ. ಉಳಿದುದು ಗಂಡು-ಹೆಣ್ಣು ಮಕ್ಕಳಿಗೆ ಸಮನಾಗಿ. ಕೊಟ್ಟ ಬಂಗಾರವನ್ನು ಆ ಪಾಲಿನಲ್ಲಿ ಕಳೆಯುವಂತಿಲ್ಲ. 1986ರ ಮೇರಿ ರಾಯ್ ತೀರ್ಪು ತಿರುವಾಂಕೂರು ಸೀಮೆಯ ಕ್ರೈಸ್ತ ಹೆಣ್ಣುಮಕ್ಕಳಿಗೂ ಈ ಸಮಾನತೆಯನ್ನು ದೊರಕಿಸಿತು.

2002ರ ತಿದ್ದುಪಡಿಯಿಂದ ಕ್ರೈಸ್ತರ ಮೃತ್ಯುಪತ್ರಕ್ಕೆ ನ್ಯಾಯಾಲಯದ ಪ್ರೊಬೇಟ್ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಸಾಕು. ಆದರೆ ಅದೇ ಪತ್ರದಲ್ಲಿ ಮಗಳನ್ನು ಕೈಬಿಟ್ಟರೂ ಕಾನೂನು ಅಡ್ಡಬರುವುದಿಲ್ಲ. ಅಡ್ಡಬರಬೇಕಾದುದು ಮೂರನೆಯ ಸಾಕ್ಷಿ, ನಮ್ಮ ಮನಸ್ಸಾಕ್ಷಿ. ಆರೋಗ್ಯವಿರುವಾಗಲೇ ಬರೆಯೋಣ, ಮಗಳ ಹೆಸರನ್ನೂ ಬರೆಯೋಣ.