ಕ್ಯಾಮೆರಾಕ್ಕೂ ಉಂಟು ಮಡಿ

ಗೋಣಿಬೀಡಿನಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಗೋಡೆ ಬೆವರುತ್ತದೆ, ಮೂಲೆಯಲ್ಲಿ ಬಿಟ್ಟ ಚಪ್ಪಲಿಗೆ ಬೂಷ್ಟು ಬರುತ್ತದೆ, ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೂ ಮುಗ್ಗಲು ವಾಸನೆ ಹತ್ತುತ್ತದೆ. ಮಲೆನಾಡಿನವರಿಗೆ ಇದರಲ್ಲಿ ಹೊಸತೇನಿಲ್ಲ. ಆದರೆ ಅದೇ ಬೂಷ್ಟು ಕ್ಯಾಮೆರಾದ ಲೆನ್ಸಿನೊಳಗೂ ಬೀಡುಬಿಡುತ್ತದೆ ಎಂಬುದು ಸ್ಟುಡಿಯೋ ಇಟ್ಟವರಿಗಷ್ಟೇ ಗೊತ್ತಿರುವ ಸಂಕಟ. ಲೆನ್ಸನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೆ ಜೇಡನ ಬಲೆಯಂಥ ಬಿಳಿ ಎಳೆಗಳು ಕಾಣುತ್ತವೆ. ಗಾಜಿನಲ್ಲಿ ತಿನ್ನುವುದಕ್ಕೆ ಏನಿದೆ ಎಂದು ಕೇಳಬಹುದು. ಗಾಜಿನಲ್ಲಿ ಏನೂ ಇಲ್ಲ. ಗಾಜಿನ ಮೇಲೆ ಕೂತ ದೂಳು, ಬೆರಳಿನ ಜಿಡ್ಡು ಇಷ್ಟೇ ಸಾಕು ಅದಕ್ಕೆ. ಗಾಳಿಯ ತೇವಾಂಶ ನೂರಕ್ಕೆ 70 ದಾಟಿ ವಾರಗಟ್ಟಲೆ ಹಾಗೇ ನಿಂತರೆ ಶಿಲೀಂಧ್ರದ ಬೀಜಕ ಮೊಳೆಯುತ್ತದೆ, ಬೆಳೆಯುತ್ತ ಆಮ್ಲ ಒಸರುತ್ತದೆ, ಆ ಆಮ್ಲ ಲೆನ್ಸಿನ ಲೇಪವನ್ನು ಕೊರೆಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದ ಮೂಡಿಗೆರೆ ಸೀಮೆಯ ಹವೆಯೇ ಅಂಥದು. ಸಣ್ಣ ಬಲ್ಬು ಉರಿಯುವ ಮರದ ಪೆಟ್ಟಿಗೆಯಲ್ಲೋ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲೋ ಕ್ಯಾಮೆರಾವನ್ನು ಬಚ್ಚಿಟ್ಟು ಮಳೆಗಾಲ ಕಳೆಯಬೇಕು.

ಇಂಥ ಕ್ಯಾಮೆರಾದ ಯಜಮಾನನೊಬ್ಬನಿಗೆ ಅಂಗಾಂಶ ಕೃಷಿ ಪ್ರಯೋಗಾಲಯದಿಂದ ಕರೆ ಬಂತೆನ್ನಿ. ಒಳಗಿನ ಕೆಲಸದ ಫೋಟೋ ಬೇಕು, ಕೈಪಿಡಿಯಲ್ಲಿ ಅಚ್ಚು ಹಾಕಿಸಬೇಕು. ನಿನ್ನೆ ಮದುವೆ ಚಪ್ಪರದಡಿ ನಿಂತಿದ್ದ, ಮೊನ್ನೆ ಕಾಫಿ ಕಣದ ದೂಳು ಕುಡಿದಿದ್ದ ಕ್ಯಾಮೆರಾ ಇಂದು ಅಲ್ಲಿಗೆ ಹೋಗಬೇಕು. ಹೋಗಬಹುದೇ? ಹೋಗಬಹುದು, ಆದರೆ ಅದಕ್ಕೆ ಮೊದಲು ಮಡಿಯಾಗಬೇಕು. ನಮ್ಮ ಅಜ್ಜಿಯರ ಮಡಿಗಿಂತ ಈ ಮಡಿ ಕಟ್ಟುನಿಟ್ಟು. ಅಜ್ಜಿಯ ಮಡಿಗೆ ಕಾರಣ ಕೇಳಿದರೆ ಗದರಿಕೆ ಸಿಗುತ್ತಿತ್ತು, ಇಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ.

ಅಂಗಾಂಶ ಕೃಷಿಯೆಂದರೆ ಗಿಡದ ತುದಿಮೊಗ್ಗಿನ ಚೂರನ್ನೋ ಎಲೆಯ ತುಣುಕನ್ನೋ ಬಾಟಲಿಯಲ್ಲಿ ಬೆಳೆಸಿ ಒಂದರಿಂದ ಸಾವಿರಾರು ಸಸಿ ಪಡೆಯುವ ವಿದ್ಯೆ. ಬಾಳೆಯ ಸಸಿಗಳು ಹೀಗೆ ತಯಾರಾಗಿ ರೈತರ ಗದ್ದೆಗೆ ಬರುವುದು ಈಗ ಮಾಮೂಲು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಹುಟ್ಟಿದ ಕಾಫಿ ಸಂಶೋಧನಾ ಕೇಂದ್ರಕ್ಕೂ ಮೈಸೂರಿನಲ್ಲಿ ಅಂಗಾಂಶ ಕೃಷಿಯದೇ ಒಂದು ವಿಭಾಗವಿದೆ. ಬಾಟಲಿಯೊಳಗೆ ಇರುವುದು ಮಣ್ಣಲ್ಲ. ಲವಣ, ಜೀವಸತ್ವಗಳ ಜೊತೆಗೆ ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ ಬೆರೆಸಿ, ಅಗಾರ್ ಹಾಕಿ ಗಟ್ಟಿ ಮಾಡಿದ ಪಾಕ. ಮುರಾಶಿಗೆ ಮತ್ತು ಸ್ಕೂಗ್ ಎಂಬ ಇಬ್ಬರು 1962ರಲ್ಲಿ ಪ್ರಕಟಿಸಿದ ಪಾಕವಿಧಾನವೇ ಇಂದಿಗೂ ಹೆಚ್ಚಿನ ಕಡೆ ಬಳಕೆಯಲ್ಲಿದೆ. ಈ ಪಾಕವನ್ನು ಒತ್ತಡದ ಉಗಿಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ 15-20 ನಿಮಿಷ ಬೇಯಿಸಿ ಕ್ರಿಮಿಶುದ್ಧ ಮಾಡುತ್ತಾರೆ. ಗಿಡದ ಚೂರು ಚಿಗುರೊಡೆಯಲು ವಾರಗಳು ಬೇಕು. ಅದೇ ಪಾಕಕ್ಕೆ ಬೂಷ್ಟಿನ ಒಂದೇ ಒಂದು ಬೀಜಕ ಬಿದ್ದರೆ ಎರಡು ಮೂರು ದಿನಗಳಲ್ಲಿ ಬಾಟಲಿ ತುಂಬ ಹತ್ತಿ ಅರಳುತ್ತದೆ. ಮಿಡಿ ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಿದವರಿಗೆ ವಿವರಿಸಿ ಹೇಳಬೇಕಿಲ್ಲ. ಭರಣಿಯಲ್ಲಿ ಉಪ್ಪು ಖಾರಗಳ ಕಾವಲಾದರೂ ಇರುತ್ತದೆ, ಇಲ್ಲಿ ಅದೂ ಇಲ್ಲ. ಒಂದು ಬೀಜಕದ ಗಾತ್ರ ಮೂರರಿಂದ ಐದು ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ, ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್.

ಶುದ್ಧ ಕೊಠಡಿಗಳೆಲ್ಲ ಒಂದೇ ಬಗೆಯವಲ್ಲ. ಬೆಂಗಳೂರಿನ ಮಾರತಹಳ್ಳಿಯಲ್ಲಿ ಇಸ್ರೋ ಸಂಸ್ಥೆ ಉಪಗ್ರಹಗಳನ್ನು ಜೋಡಿಸಿ ಪರೀಕ್ಷಿಸುವ ನೆಲೆಯಿದೆ. 2019ರ ಜೂನ್‌ನಲ್ಲಿ ಚಂದ್ರಯಾನ-2 ಶ್ರೀಹರಿಕೋಟಕ್ಕೆ ಹೊರಡುವ ಮುನ್ನ ಪತ್ರಕರ್ತರಿಗೆ ಅದನ್ನು ತೋರಿಸಿದ್ದು ಅಲ್ಲಿಯೇ. ಅಂಥ ಜಾಗಗಳಲ್ಲಿ ಗಾಳಿಯ ಕಣಗಳನ್ನು ಎಣಿಸುತ್ತಾರೆ. ಉಪಗ್ರಹ ಜೋಡಣೆಗೆ ಸಾಮಾನ್ಯವಾಗಿ ಬಳಸುವುದು ಒಂದು ಲಕ್ಷದ ದರ್ಜೆಯ ಕೊಠಡಿ, ಅಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಹಾಗೂ ಅದಕ್ಕಿಂತ ದೊಡ್ಡ ಕಣಗಳು ಒಂದು ಲಕ್ಷ ಮೀರಬಾರದು. ಅಷ್ಟೊಂದೇ ಎಂದು ಬೆರಗಾಗಬೇಡಿ, ನಾವು ದಿನವೂ ಉಸಿರಾಡುವ ಗಾಳಿಯ ಎದುರು ಇದು ಚಿನ್ನ. ಅಲ್ಲಿನ ಭಯ ದೂಳಿನದು. ಉಪಗ್ರಹದ ಕನ್ನಡಿಯ ಮೇಲೆ ಕೂತ ಕಣ ಜೀವಂತವೋ ಸತ್ತದ್ದೋ ಎಂಬ ಪ್ರಶ್ನೆ ಏಳುವುದೇ ಇಲ್ಲ. ಸತ್ತ ಕ್ರಿಮಿಯೂ ಅಲ್ಲಿ ದೂಳೇ. ಅಂಗಾಂಶ ಕೃಷಿಯಲ್ಲಿ, ಚುಚ್ಚುಮದ್ದು ತುಂಬುವ ಕಾರ್ಖಾನೆಯಲ್ಲಿ ಇದು ತಿರುವುಮುರುವು: ಭಯವೆಲ್ಲ ಜೀವವಿರುವ ಕಣದ್ದು. ಕ್ಯಾಮೆರಾ ಹೊತ್ತು ಹೋಗುವವನು ಮೊದಲು ಕೇಳಿ ತಿಳಿಯಬೇಕಾದದ್ದು ಇದನ್ನೇ. ಒಂದು ಕಡೆ ಉಜ್ಜಿ ತೆಗೆಯುವುದು ಮುಖ್ಯ, ಇನ್ನೊಂದು ಕಡೆ ಕೊಲ್ಲುವುದೂ ಮುಖ್ಯ. ಬರೀ ಕ್ರಿಮಿನಾಶಕ ಒರೆಸಿಕೊಂಡು ಬಂದರೆ ಎರಡೂ ಕಡೆ ಕೆಲಸ ಅರ್ಧವೇ ಆದೀತು. ಏಕೆಂದರೆ ಮಣ್ಣು, ಜಿಡ್ಡುಗಳ ಅಡಿಯಲ್ಲಿ ಕೂತ ಕ್ರಿಮಿಗೆ ಮದ್ದು ತಾಗುವುದೇ ಇಲ್ಲ. ತೊಳೆಯದ ಗಾಯಕ್ಕೆ ಟಿಂಚರ್ ಹಚ್ಚಿದ ಹಾಗೆ.

ಆದ್ದರಿಂದ ಕೆಲಸ ಹಿಂದಿನ ದಿನ ಮನೆಯಲ್ಲೇ ಶುರುವಾಗಬೇಕು. ಗಾಳಿ ಊದುವ ರಬ್ಬರ್ ಬುರುಡೆ, ಮೆತ್ತನೆ ಬ್ರಷ್ ಇವುಗಳಿಂದ ಗುಂಡಿಗಳ ಸಂದಿ, ತಿರುಗುವ ಬಳೆಗಳ ಗೆರೆ, ಫ್ಲಾಷ್ ಕೂರುವ ತೋಡು ಎಲ್ಲವನ್ನೂ ಬಿಡಿಸಬೇಕು. ಇವೆರಡನ್ನೂ ಶುದ್ಧ ಕೊಠಡಿಯೊಳಗೆ ತೆಗೆಯಲೇಬಾರದು, ಅಲ್ಲಿ ಊದಿದರೆ ದೂಳನ್ನು ಹಂಚಿದಂತೆ. ಬಟ್ಟೆಯ ಕುತ್ತಿಗೆಪಟ್ಟಿ ಕಳಚಿ ಮನೆಯಲ್ಲೇ ಬಿಡಬೇಕು, ಅದರ ನಾರುಗಳ ನಡುವಿನ ಬೆವರನ್ನು ಯಾವ ಒರೆಸುವಿಕೆಯೂ ತೆಗೆಯದು. ಕ್ಯಾಮೆರಾ ಚೀಲಕ್ಕೂ ಇದೇ ಮಾತು. ಟ್ರೈಪಾಡಿನ ಕಾಲು ಮಾತ್ರ ಬಹಳ ಜನ ಮರೆಯುವ ಜಾಗ. ಅದು ಕೆಸರಲ್ಲಿ ನಿಂತದ್ದು, ಕೊಟ್ಟಿಗೆಯಲ್ಲಿ ನಿಂತದ್ದು, ಕೊಳವೆಯೊಳಗೆ ಕೊಳವೆ ಜಾರುವಾಗ ಆ ಕೆಸರನ್ನೆಲ್ಲ ಒಳಗೆ ಎಳೆದುಕೊಂಡದ್ದು. ಎಲ್ಲ ಕಾಲನ್ನೂ ಪೂರ್ತಿ ಎಳೆದು ಸಾಬೂನು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉಜ್ಜಿ ಒಣಗಿಸಬೇಕು. ಲೆನ್ಸುಗಳಲ್ಲೂ ಆಯ್ಕೆಯಿದೆ. ಉದ್ದಕ್ಕೆ ಬೆಳೆದು ಗಿಡ್ಡಕ್ಕೆ ಕುಗ್ಗುವ ಜೂಮ್ ಲೆನ್ಸು ಅಕ್ಕಸಾಲಿಗನ ತಿದಿಯಂತೆ ಗಾಳಿ ಎಳೆದು ಬಿಡುತ್ತದೆ, ಜೊತೆಗೆ ಒಳಗಿನ ದೂಳನ್ನೂ ಬಿಡುತ್ತದೆ. ಉದ್ದ ಬದಲಾಗದ ಲೆನ್ಸೇ ವಾಸಿ. ಅದರ ಮುಂದೆ ಸಾದಾ ಗಾಜಿನ ಫಿಲ್ಟರ್ ತಿರುಗಿಸಿ ಹಾಕಿಬಿಟ್ಟರೆ ಒರೆಸುವ ಪೆಟ್ಟೆಲ್ಲ ಅಗ್ಗದ ಗಾಜಿನ ಮೇಲೆ ಬೀಳುತ್ತದೆ, ದುಬಾರಿ ಲೆನ್ಸು ಉಳಿಯುತ್ತದೆ. ಬ್ಯಾಟರಿ, ಕಾರ್ಡು ಮೊದಲೇ ತುಂಬಿರಬೇಕು. ಒಳಗೆ ಹೋದ ಮೇಲೆ ಕ್ಯಾಮೆರಾದ ಯಾವ ಬಾಗಿಲನ್ನೂ ತೆರೆಯುವಂತಿಲ್ಲ, ಲೆನ್ಸನ್ನಂತೂ ಬದಲಿಸುವಂತೆಯೇ ಇಲ್ಲ.

ಇನ್ನು ಕೊಲ್ಲುವ ಮದ್ದು. ಬಹುತೇಕ ಕಡೆ ಅದು ಐಸೊಪ್ರೊಪೈಲ್ ಆಲ್ಕೊಹಾಲ್, ನೂರಕ್ಕೆ 70 ಭಾಗ, ಉಳಿದದ್ದು ಶುದ್ಧ ನೀರು. ಅಪ್ಪಟ ಆಲ್ಕೊಹಾಲ್ ಇನ್ನೂ ಖಾರವಲ್ಲವೇ, ನೀರೇಕೆ ಎಂದು ಹತ್ತನೆಯ ತರಗತಿಯ ಹುಡುಗರು ಕೇಳುತ್ತಾರೆ. ಕುದಿಯುವ ಎಣ್ಣೆಗೆ ಬಿಟ್ಟ ಬೋಂಡಾ ಹೊರಗೆ ಕೆಂಪಗಾಗಿ ಒಳಗೆ ಹಿಟ್ಟು ಹಸಿಯಾಗಿಯೇ ಉಳಿಯುವುದಿಲ್ಲವೇ, ಹಾಗೆ ಅಪ್ಪಟ ಆಲ್ಕೊಹಾಲ್ ಕ್ರಿಮಿಯ ಹೊರಮೈಯ ಪ್ರೋಟೀನನ್ನು ಥಟ್ಟನೆ ಹೆಪ್ಪುಗಟ್ಟಿಸಿ ಅಲ್ಲೇ ನಿಲ್ಲುತ್ತದೆ. ನೀರು ಬೆರೆತಾಗ ಒಳಕ್ಕೆ ಇಳಿಯುತ್ತದೆ. ಬೇಗ ಹಾರಿಹೋಗದೆ ಅರ್ಧ ನಿಮಿಷ, ಒಂದು ನಿಮಿಷ ಒದ್ದೆಯಾಗಿಯೇ ಇರುತ್ತದೆ, ಕೊಲ್ಲಲು ಆ ಹೊತ್ತು ಬೇಕೇ ಬೇಕು. ಕ್ಯಾಮೆರಾದ ಮೇಲೆ ಇದನ್ನು ಸಿಂಪಡಿಸಬಾರದು, ಸಂದಿಯಿಂದ ಒಳಗಿಳಿದು ವಿದ್ಯುತ್ ಭಾಗಗಳನ್ನು ಹಾಳುಮಾಡೀತು. ಕ್ಯಾಮೆರಾ ಆರಿಸಿ, ಕೈಗವಸು ತೊಟ್ಟು, ನಾರು ಬಿಡದ ಬಟ್ಟೆಯನ್ನು ಒದ್ದೆಮಾಡಿ ಒಂದೇ ದಿಕ್ಕಿಗೆ ಎಳೆಯಬೇಕು. ಮೇಲಿಂದ ಕೆಳಕ್ಕೆ, ಶುದ್ಧ ಭಾಗದಿಂದ ಕೊಳೆ ಭಾಗದ ಕಡೆಗೆ, ಪ್ರತಿ ಎಳೆತಕ್ಕೂ ಬಟ್ಟೆಯ ಹೊಸ ಮಡಿಕೆ. ದುಂಡಗೆ ಉಜ್ಜಿದರೆ ತೆಗೆದದ್ದನ್ನೇ ಮತ್ತೆ ಬಳಿದಂತಾಗುತ್ತದೆ. ಒರೆಸಿದ್ದು ಪೂರ್ತಿ ಆರುವವರೆಗೆ ಸ್ಪಿರಿಟ್ ದೀಪದ ಹತ್ತಿರ ಸುಳಿಯಬಾರದು ಎಂಬುದನ್ನು ಹೇಳಲೇಬೇಕು. ಅಂಗಾಂಶ ಕೃಷಿಯವರ ಮೇಜಿನ ಮೇಲೆ ದೀಪ ಉರಿಯುವುದುಂಟು, ಆಲ್ಕೊಹಾಲಿಗೆ ಬೆಂಕಿ ಹತ್ತಲು ಕ್ಷಣ ಸಾಕು.

ಇಷ್ಟಾದರೂ ಆಲ್ಕೊಹಾಲಿಗೆ ಮಣಿಯದ ಜೀವಗಳಿವೆ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಕಷ್ಟ ಕಾಲದಲ್ಲಿ ಗಟ್ಟಿ ಕವಚದ ಬೀಜಕಗಳಾಗಿ ಮಲಗಿಬಿಡುತ್ತವೆ. ಅವನ್ನು ಕೊಲ್ಲಲು ಬ್ಲೀಚಿಂಗ್ ದ್ರಾವಣವೋ ಹೈಡ್ರೋಜನ್ ಪೆರಾಕ್ಸೈಡೋ ಬೇಕು, ಕ್ಯಾಮೆರಾದ ಲೋಹ ರಬ್ಬರುಗಳು ಅವಕ್ಕೆ ಬಾಳುವುದಿಲ್ಲ. ಶಾಖದ ದಾರಿಯೂ ಇದೆ. ಅಮೆರಿಕದವರು ಮಂಗಳಕ್ಕೆ 1975ರಲ್ಲಿ ಹಾರಿಸಿದ ಎರಡು ವೈಕಿಂಗ್ ನೌಕೆಗಳ ಇಳಿಯುವ ಭಾಗಗಳನ್ನು, ಅವುಗಳ ಕ್ಯಾಮೆರಾಗಳ ಸಮೇತ, ಸುಮಾರು 112 ಡಿಗ್ರಿ ಒಣ ಶಾಖದಲ್ಲಿ ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಹೊತ್ತು ಬೇಯಿಸಿದ್ದರು. ಬೆಂದ ಆ ಕ್ಯಾಮೆರಾಗಳೇ 1976ರಲ್ಲಿ ಮಂಗಳದ ನೆಲದ ಚಿತ್ರ ಕಳಿಸಿದವು. ನಮ್ಮ ಸ್ಟುಡಿಯೋ ಕ್ಯಾಮೆರಾವನ್ನು ಹಾಗೆ ಬೇಯಿಸಿದರೆ ಉಳಿಯುವುದು ಕರಗಿದ ಪ್ಲಾಸ್ಟಿಕ್ಕಿನ ಮುದ್ದೆ. ನಮಗಿರುವ ಉಪಾಯ ಬೇರೆ: ಕೊಲ್ಲಲಾಗದ್ದನ್ನು ಕಟ್ಟಿಹಾಕುವುದು. ಒರೆಸಿದ ಕ್ಯಾಮೆರಾಕ್ಕೆ ಕ್ರಿಮಿಶುದ್ಧವಾದ ಪಾರದರ್ಶಕ ಪ್ಲಾಸ್ಟಿಕ್ ಗವಸು ತೊಡಿಸಿ ಲೆನ್ಸಿನ ಬಾಯಷ್ಟೇ ಹೊರಗಿರುವಂತೆ ಬಿಗಿದರೆ ಒಳಗಿನದು ಒಳಗೇ ಉಳಿಯುತ್ತದೆ. ಲೆನ್ಸಿನೊಳಗೆ ಬೂಷ್ಟು ಹಿಡಿದಿರುವ ಮಲೆನಾಡಿನ ಕ್ಯಾಮೆರಾವನ್ನು ಮಾತ್ರ ಗವಸು ಹಾಕಿಯೂ ಒಳಗೆ ಒಯ್ಯದಿರುವುದು ಮರ್ಯಾದೆ. ಕಿಟಕಿ ಗಾಜಿನ ಹೊರಗೆ ನಿಂತು, ಲೆನ್ಸನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ಹಿಡಿದು ಕ್ಲಿಕ್ಕಿಸಿದರೂ ಒಳ್ಳೆಯ ಚಿತ್ರ ಬರುತ್ತದೆ.

ಇಷ್ಟೆಲ್ಲ ಕಟ್ಟುಪಾಡು ಅತಿಯಾಯಿತು ಎನ್ನುವವರಿಗೆ ಒಂದು ಹಳೆಯ ಕ್ಯಾಮೆರಾದ ಕಥೆಯಿದೆ. 1967ರ ಏಪ್ರಿಲ್‌ನಲ್ಲಿ ಸರ್ವೇಯರ್-3 ಎಂಬ ನೌಕೆ ಚಂದ್ರನ ಮೇಲಿಳಿಯಿತು. 31 ತಿಂಗಳ ನಂತರ, 1969ರ ನವೆಂಬರ್‌ನಲ್ಲಿ, ಅಪೊಲೊ-12ರಲ್ಲಿ ಹೋದ ಕಾನ್ರಾಡ್ ಮತ್ತು ಬೀನ್ ಅದರ ಟಿ.ವಿ. ಕ್ಯಾಮೆರಾವನ್ನು ಕತ್ತರಿಸಿ ಭೂಮಿಗೆ ತಂದರು. ಪರೀಕ್ಷಿಸಿದಾಗ ಕ್ಯಾಮೆರಾದ ಒಳಗಿದ್ದ ಫೋಮ್ ಚೂರಿನಲ್ಲಿ ಸ್ಟ್ರೆಪ್ಟೊಕಾಕಸ್ ಮೈಟಿಸ್ ಸಿಕ್ಕಿತು, ಮನುಷ್ಯರ ಬಾಯಿ ಗಂಟಲಲ್ಲಿ ಇರುವ ಬ್ಯಾಕ್ಟೀರಿಯಾ ಅದು. ಗಾಳಿ ನೀರಿಲ್ಲದ ಚಂದ್ರನಲ್ಲಿ ಅದು ಎರಡೂವರೆ ವರ್ಷ ಬದುಕಿತ್ತೇ? ಎಷ್ಟೋ ವರ್ಷ ಹಾಗೆಂದೇ ಪುಸ್ತಕಗಳು ಬರೆದವು. ಆಮೇಲೆ ಆ ಪರೀಕ್ಷೆಯ ಹಳೆಯ ಚಿತ್ರಗಳನ್ನು ಕೂಲಂಕಷ ನೋಡಿದವರಿಗೆ ಬೇರೆಯೇ ಕಂಡಿತು. ಕೆಲಸ ಮಾಡಿದವರ ಮೊಳಕೈ ತೆರೆದಿತ್ತು, ತುಂಡುತೋಳಿನ ಅಂಗಿ ತೊಟ್ಟಿದ್ದರು. ಕ್ರಿಮಿ ಚಂದ್ರನಿಂದ ಬಂತೋ ಪ್ರಯೋಗಾಲಯದಲ್ಲೇ ಸೇರಿತೋ ಎಂಬುದನ್ನು ನಿಶ್ಚಯವಾಗಿ ಹೇಳುವ ದಾರಿಯೇ ಉಳಿಯಲಿಲ್ಲ. ಅಂಗಾಂಶ ಕೃಷಿಯವರ ಅಂಜಿಕೆಯೂ ಇದೇ. ನಾಲ್ಕು ಬಾಟಲಿ ಎಸೆದರೆ ನಷ್ಟ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಬೂಷ್ಟು ಬಂದದ್ದು ಕ್ಯಾಮೆರಾದಿಂದಲೋ, ಜರಡಿ ಹರಿದ ಗಾಳಿಯಂತ್ರದಿಂದಲೋ, ತಾಯಿಗಿಡದಿಂದಲೋ ಎಂದು ಗೊತ್ತಾಗದಿದ್ದರೆ ಇಡೀ ಕೊಠಡಿಯನ್ನೇ ಸಂಶಯದಿಂದ ನೋಡಬೇಕಾಗುತ್ತದೆ.

ಫೋಟೋ ಮುಗಿದು ಹೊರಬರುವಾಗಲೂ ಒಂದು ಎಚ್ಚರ ಬೇಕು, ಇದು ಗೋಣಿಬೀಡಿನವರಿಗೆ ವಿಶೇಷವಾಗಿ. ಒಳಗೆ 22-25 ಡಿಗ್ರಿಯ ಒಣ ತಂಪು, ಹೊರಗೆ ಮಳೆ ಬಿಟ್ಟ ಮಧ್ಯಾಹ್ನದ ಸೆಕೆ, ತೇವ. ತಣ್ಣಗಿನ ಕ್ಯಾಮೆರಾ ಒಮ್ಮೆಲೇ ಹೊರಗೆ ಬಂದರೆ ಐಸ್ ನೀರಿನ ಲೋಟದಂತೆ ಮೈಯೆಲ್ಲ ಹನಿ ಕಟ್ಟುತ್ತದೆ, ಲೆನ್ಸಿನ ಒಳಗೂ ಕಟ್ಟುತ್ತದೆ. ಬೂಷ್ಟಿಗೆ ಬೇಕಾದದ್ದು ಅಷ್ಟೇ ನೀರು. ಬರುವ ಮೊದಲು ಒಳಗೇ ಪಾಲಿಥಿನ್ ಚೀಲಕ್ಕೆ ಹಾಕಿ ಬಾಯಿ ಬಿಗಿಯಬೇಕು. ಹನಿಗಳು ಚೀಲದ ಹೊರಮೈಗೆ ಕಟ್ಟಲಿ. ಅರ್ಧ ಮುಕ್ಕಾಲು ಗಂಟೆ ಕಳೆದು ಕ್ಯಾಮೆರಾ ಹೊರಗಿನ ಶಾಖಕ್ಕೆ ಬಂದ ಮೇಲೆ ಬಿಚ್ಚಿ, ನೇರ ಬಲ್ಬಿನ ಪೆಟ್ಟಿಗೆಗೆ ಇಟ್ಟರಾಯಿತು.